ಸಹಿ ಅಕ್ಕನದು, ಮಾತು ಭಾವನದು

(ಹುಲಸೂರದಲ್ಲಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಸಾರ)



1951-52ರ ಮೊದಲ ಮಹಾಚುನಾವಣೆಯಲ್ಲಿ ದೇಶದ ಮತದಾರರ ಪಟ್ಟಿಯಿಂದ ಸುಮಾರು 28 ಲಕ್ಷ ಹೆಂಗಸರು ಬಿಟ್ಟುಹೋದರು. ಕಾರಣವೇನು? ಅವರು ತಮ್ಮ ಹೆಸರು ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ಮಗಳು ಎಂದಷ್ಟೇ ಬರೆಸಿದ್ದರು. ಸ್ವಂತ ಹೆಸರಿಲ್ಲದೆ ಓಟಿಲ್ಲವೆಂದು ಚುನಾವಣಾ ಆಯೋಗ ಗಟ್ಟಿಯಾಗಿ ನಿಂತಿತು.

ಆ ಹೆಸರನ್ನು ನಮ್ಮ ಹೆಂಗಸರು ಗಳಿಸಿಕೊಂಡರು. ಇಂದು ಗಂಡಸರ ಸರಿಸಮಕ್ಕೆ ನಿಂತು ಓಟು ಹಾಕುತ್ತಾರೆ. ಆದರೆ ಆಳುವ ಕಡೆ ಎಷ್ಟು ಮಂದಿ ಇದ್ದಾರೆ? 2024ರಲ್ಲಿ ಲೋಕಸಭೆಯ 543 ಸ್ಥಾನಗಳಲ್ಲಿ ಗೆದ್ದ ಹೆಂಗಸರು 74. ಕರ್ನಾಟಕದ 28 ಸ್ಥಾನಗಳಲ್ಲಿ ಮೂವರು. 2023ರಲ್ಲಿ ವಿಧಾನಸಭೆಯ 224ರಲ್ಲಿ ಹತ್ತೇ ಮಂದಿ. ವ್ಯಾಪಾರಿ ಬಂಧುಗಳೇ, ನೂರು ರೂಪಾಯಿ ಬಂಡವಾಳದಲ್ಲಿ ಐವತ್ತು ಹಾಕಿದ ಪಾಲುದಾರನಿಗೆ ನೂರರ ಲಾಭದಲ್ಲಿ ಐದು ರೂಪಾಯಿಯೂ ಕೊಡದಿದ್ದರೆ ಅವನು ಸುಮ್ಮನಿರುವನೇ?

2023ರಲ್ಲಿ ಸಂಸತ್ತು ಮೂರರಲ್ಲೊಂದು ಪಾಲು ಮೀಸಲಿಡುವ 106ನೇ ತಿದ್ದುಪಡಿಯನ್ನು ಒಪ್ಪಿತು. ಜನಗಣತಿ, ಕ್ಷೇತ್ರ ವಿಂಗಡಣೆ ಮುಗಿದ ಮೇಲೆ ಎಂದು ಷರತ್ತನ್ನೂ ಹಾಕಿತು. 2024ರ ಚುನಾವಣೆ ಹಳೆಯ ರೀತಿಯಲ್ಲೇ ನಡೆದುಹೋಯಿತು. ಅಲ್ಲಿಯತನಕ ಹೆಂಗಸರಿಗೆ ಟಿಕೆಟು ಕೊಡಬಾರದೆಂದು ಯಾವ ಕಾನೂನೂ ಹೇಳಿಲ್ಲ. ಈ ಮಾತು ಎಲ್ಲ ಪಕ್ಷಗಳಿಗೂ ಸೇರಿದ್ದು, ನಮ್ಮದಕ್ಕೂ ಸೇರಿದ್ದು.

ಇನ್ನು ಪಂಚಾಯತಿಗೆ ಬರೋಣ. ಕರ್ನಾಟಕದಲ್ಲಿ 1983ರ ಕಾಯಿದೆ ಹೆಂಗಸರಿಗೆ ಕಾಲು ಭಾಗ ಕೊಟ್ಟಿತು. 1993ರ ಕಾಯಿದೆ ಮೂರರಲ್ಲೊಂದು ಭಾಗ ಕೊಟ್ಟಿತು. 2010ರ ತಿದ್ದುಪಡಿ ಅರ್ಧಕ್ಕೆ ಏರಿಸಿತು. ಕುರ್ಚಿ ಬಂತು. ಆದರೆ ಎಷ್ಟೋ ಊರುಗಳಲ್ಲಿ ಸಹಿ ಅಕ್ಕನದು, ಮಾತು ಭಾವನದು! ಸಭೆಯಲ್ಲಿ ಗಂಡ ಕೂಡುತ್ತಾನೆ, ಗುತ್ತಿಗೆಯ ಮಾತು ಅವನೇ ಮುಗಿಸುತ್ತಾನೆ. ಗೆದ್ದವಳು ಮನೆಯಲ್ಲಿ ರೊಟ್ಟಿ ಬಡಿಯುತ್ತಾಳೆ. ಅಂದಿನ 'ಇಂಥವನ ಹೆಂಡತಿ' ಗೆದ್ದ ಮೇಲೂ ಇಂಥವನ ಹೆಂಡತಿಯಾಗಿಯೇ ಉಳಿದಳು.

ನಮ್ಮ ಹುಲಸೂರ ಇರುವುದು ಕಲ್ಯಾಣದ ಮಗ್ಗುಲಲ್ಲಿ. ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ತಿರುಗಿ ಹಾಕಿ ಬಾ ಎಂದು ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆ ನಮಗೆಲ್ಲ ಗೊತ್ತು. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರೂ ಬರಬೇಕೆಂದು ಗಾಂಧೀಜಿಯವರೊಡನೆ ವಾದಿಸಿದ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಮುಂದೆ ಸಮಾಜವಾದಿ ಚಳವಳಿಯ ಮುಂದಾಳುಗಳಲ್ಲಿ ಒಬ್ಬರಾದರು. ಇಂಥವರ ಹೆಸರು ಹೇಳುವ ನಾವು ನಮ್ಮ ಮನೆಯವಳ ಕುರ್ಚಿಯಲ್ಲಿ ಕೂಡಬಹುದೇ?

ಮಿಲ್ಲಿನ ಸಂಬಳ ತಿಂಗಳ ಕೊನೆಗೆ ಸಾಲದಾದಾಗ ಸಂಸಾರ ತೂಗಿಸುವವಳು ಅವಳು. ನೀರಿನ ಕೊಡ, ರೇಷನ್ನಿನ ಚೀಲ, ಅಂಗಡಿಯ ಉದ್ರಿ ಇವುಗಳ ಲೆಕ್ಕ ಅವಳಿಗೆ ಗೊತ್ತು. ಆ ತಿಳಿವಳಿಕೆ ಸಭೆಗೆ ಬಾರದಿದ್ದರೆ ನಷ್ಟ ದುಡಿಯುವವರಿಗೆ, ಲಾಭ ಗುತ್ತಿಗೆದಾರನಿಗೆ.

ಆದ್ದರಿಂದ ಸದಸ್ಯೆಯ ಬದಲು ಅವಳ ಗಂಡ ಪಂಚಾಯತಿ ಸಭೆಗೆ ಬಂದರೆ ಬಾಗಿಲಲ್ಲೇ ಕೇಳಿರಿ: ತಂಗಿ ಎಲ್ಲಿ? ಅವಳು ಬರುವವರೆಗೆ ಸಭೆ ಕಾಯಲಿ.

ಕಡೆಯದಾಗಿ ನಮ್ಮ ತಪ್ಪನ್ನೂ ಒಪ್ಪುತ್ತೇವೆ. ಇಂದು ಇಲ್ಲಿ ಮಾತಾಡಿದವರೆಲ್ಲ ಗಂಡಸರು. ತಾಯಂದಿರು ಹಿಂದಿನ ಸಾಲಿನಲ್ಲಿದ್ದಾರೆ. ಮುಂದಿನ ಸಭೆಯ ಮೊದಲ ಮಾತು ಅವರದಾಗಲಿ; ಕೇಳಲು ನಾವು ಹಿಂದೆ ಕೂಡುತ್ತೇವೆ.