ಸೈಕಲ್ಲಿನ ಚಿಮಟಾ ಬಾಗಿರುವುದೇಕೆ?

ಹುಮನಾಬಾದಿನಿಂದ ರಾಜೇಶ್ವರದ ಮೇಲೆ ಬಸವಕಲ್ಯಾಣದ ಕಡೆಗೆ ಹೋಗುವ ಹೆದ್ದಾರಿಯ ಅಂಚಿನಲ್ಲಿ ಹಾಲಿನ ಕ್ಯಾನು ತೂಗುಹಾಕಿಕೊಂಡ ಸೈಕಲ್ಲೊಂದು ಬಂದರೆ ಅದನ್ನು ಪಕ್ಕದಿಂದ ನೋಡಿ. ಮುಂದಿನ ಗಾಲಿಯನ್ನು ಹಿಡಿದಿರುವ ಕವಲು, ಮಿಸ್ತ್ರಿಗಳ ಬಾಯಲ್ಲಿ ಚಿಮಟಾ, ಓರೆಯಾಗಿ ಇಳಿದು ತುದಿಯಲ್ಲಿ ಇನ್ನಷ್ಟು ಮುಂದಕ್ಕೆ ಬಾಗಿರುತ್ತದೆ. ಧಕ್ಕೆ ತಡೆಯಲು ಈ ಬಾಗು ಎಂದು ಬಹಳ ಜನ ನಂಬಿದ್ದಾರೆ. ಸ್ವಲ್ಪ ತಡೆಯುವುದೂ ಉಂಟು. ಆದರೆ ಅದರ ಮುಖ್ಯ ಕೆಲಸ ಬೇರೆ.

ಹ್ಯಾಂಡಲ್ ತಿರುಗುವ ಕೊಳವೆಯ ನೇರಕ್ಕೆ ಒಂದು ಗೆರೆಯನ್ನು ನೆಲದವರೆಗೆ ಎಳೆಯಿರಿ. ಗಾಲಿ ನೆಲ ಮುಟ್ಟುವ ಜಾಗ ಆ ಗೆರೆಗಿಂತ ಹಿಂದೆ ಇರುತ್ತದೆ. ಈ ಅಂತರಕ್ಕೆ ಟ್ರೇಲ್ ಎಂದು ಹೆಸರು. ಹಿಂಬಾಲ ಎಂದರೂ ನಡೆದೀತು. ಇದಿರುವುದರಿಂದಲೇ ಗಾಲಿ ಹ್ಯಾಂಡಲಿನ ಹಿಂದೆ ತಾನಾಗಿ ನೆಟ್ಟಗಾಗುತ್ತದೆ. ತೇರಿನ ಗಾಲಿಗೆ ಈ ಗುಣವಿಲ್ಲ; ಅದನ್ನು ತಿರುಗಿಸಲು ಮರದ ಸನ್ನೆ ಕೊಡಬೇಕು.

ನಮ್ಮ ಕರಿಯ ಸೈಕಲ್ಲಿನ ಲೆಕ್ಕ ನೋಡೋಣ. ಗಾಲಿಯ ವ್ಯಾಸ 71 ಸೆಂ.ಮೀ., ಕೊಳವೆಯ ಓರೆ 68 ಡಿಗ್ರಿ, ಬಾಗು ಏಳೂವರೆ ಸೆಂ.ಮೀ. ಎಂದಿಟ್ಟುಕೊಂಡರೆ ಟ್ರೇಲ್ ಆರು ಸೆಂ.ಮೀ.ಗೆ ತುಸು ಹೆಚ್ಚು. ಬಾಗೇ ಇಲ್ಲದಿದ್ದರೆ ಅದು 14 ದಾಟುತ್ತದೆ! ಅಂದರೆ ಚಿಮಟಾ ಮುಂದೆ ಬಾಗಿದಷ್ಟೂ ಟ್ರೇಲ್ ಕಡಿಮೆ. ಕೇಳಲು ವಿಚಿತ್ರ, ಆದರೆ ನಿಜ.

ಟ್ರೇಲ್ ಅತಿಯಾದರೆ ವೇಗದಲ್ಲಿ ಸೈಕಲ್ ನೆಟ್ಟಗೆ ಓಡೀತು. ಆದರೆ ಸಂತೆಯ ಗದ್ದಲದಲ್ಲಿ ನಿಧಾನವಾಗಿ ಹೋಗುವಾಗ ಹ್ಯಾಂಡಲ್ ಒಂದು ಬದಿಗೆ ಬೀಳತೊಡಗುತ್ತದೆ. ಅದಕ್ಕೆ ಕ್ಯಾನು ತೂಗಿದ್ದರಂತೂ ಕೈ ಸೋಲುತ್ತದೆ. ತೀರ ಕಡಿಮೆಯಾದರೆ ಸಣ್ಣ ಕಲ್ಲಿಗೂ ಗಾಲಿ ಚಂಚಲವಾಗುತ್ತದೆ. ವಿಜಯಪುರದ ಸ್ಪರ್ಧಾಳುಗಳ ರೇಸ್ ಸೈಕಲ್ಲಿನಲ್ಲಿ ಕೊಳವೆ 73 ಡಿಗ್ರಿಯಷ್ಟು ನೆಟ್ಟಗೆ, ಬಾಗು ನಾಲ್ಕೂವರೆ ಸೆಂ.ಮೀ. ಆಸುಪಾಸು, ಟ್ರೇಲ್ ಐದೂವರೆ. ವ್ಯತ್ಯಾಸ ಇಷ್ಟೇನಾ ಎನ್ನಬೇಡಿ. ಅದರ ಎರಡು ಗಾಲಿಗಳ ನಡುವೆ ಸುಮಾರು ಒಂದೇ ಮೀಟರ್. ಕರಿಯ ಸೈಕಲ್ಲಿನಲ್ಲಿ 115 ಸೆಂ.ಮೀ. ಸುಮಾರು. ಒಂದು ಚುರುಕು, ಇನ್ನೊಂದು ಸಮಾಧಾನಿ. ಕಂಬಿಯ ಸಂದಿಯಲ್ಲಿ ಕಾಲು ತೂರಿಸಿ ಒಳಪೆಡಲ್ ಹೊಡೆಯುವ ಹುಡುಗನನ್ನೂ ಅದು ಕೆಡವದಿರುವುದಕ್ಕೆ ಈ ಸಮಾಧಾನವೂ ಒಂದು ಕಾರಣ.

1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಸೈಕಲ್ ತಂದ ಮೇಲೆ ಈ ಅಳತೆಗಳು ಹೆಚ್ಚಾಗಿ ರೂಢಿಯಿಂದಲೇ ಕುದುರಿದವು. ಶಾಸ್ತ್ರ ಹಿಂದಿನಿಂದ ಬಂತು. 1970ರಲ್ಲಿ ಡೇವಿಡ್ ಜೋನ್ಸ್ ಟ್ರೇಲಿನ ಮಹತ್ವವನ್ನು ಎತ್ತಿ ತೋರಿದರು. 2011ರಲ್ಲಿ ಡೆಲ್ಫ್ಟ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು, ಗಾಲಿ ಆ ಗೆರೆಗಿಂತ ಕೊಂಚ ಮುಂದೆಯೇ ನೆಲ ಮುಟ್ಟುವ ಸೈಕಲ್ ಮಾಡಿ, ಸವಾರನಿಲ್ಲದೆ ಅದು ಬೀಳದೆ ಓಡಿದ್ದನ್ನು ತೋರಿಸಿದರು. ಭಾರ ಎಲ್ಲಿ ಹಂಚಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ ಎಂದಾಯಿತು.

2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿದ ಮೇಲೆ ಎಷ್ಟೋ ಹಳ್ಳಿಗಳ ಹುಡುಗಿಯರು ಮೊದಲ ಬಾರಿ ಈ ಸವಾರಿ ಕಂಡರು. ಅಂಥ ಸೈಕಲ್ ಒಂದು ಗುಂಡಿಗೆ ಜೋರಾಗಿ ಬಿದ್ದರೆ ಸಾಕು, ಚಿಮಟಾ ಹಿಂದಕ್ಕೆ ಮಡಚುತ್ತದೆ. ಗಾಲಿಯ ಅಚ್ಚು ಎರಡು ಸೆಂ.ಮೀ. ಹಿಂದೆ ಸರಿದರೂ ಮೇಲಿನ ಲೆಕ್ಕದಲ್ಲಿ ಟ್ರೇಲ್ ಎಂಟು ಮೀರುತ್ತದೆ. ತಿರುವಿನಲ್ಲಿ ಪಾದ ಗಾಲಿಗೆ ತಾಗಲೂಬಹುದು. ಮಗು ‘ಹ್ಯಾಂಡಲ್ ಭಾರ’ ಎನ್ನುತ್ತದೆ. ಮನೆಯವರು ಎಣ್ಣೆ ಬಿಡುತ್ತಾರೆ.

ಚಿಮಟಾವನ್ನು ಕಂಬಕ್ಕೆ ಸಿಕ್ಕಿಸಿ ಎಳೆದು ನೆಟ್ಟಗೆ ಮಾಡಿಸಿಕೊಳ್ಳುವುದು ಅಗ್ಗದ ದಾರಿ, ಅಪಾಯದ ದಾರಿಯೂ ಹೌದು. ಒಮ್ಮೆ ಬಾಗಿ ಮತ್ತೆ ಬಾಗಿಸಿಕೊಂಡ ಉಕ್ಕು ಒಳಗೇ ಬಿರುಕು ಬಿಟ್ಟು, ಲಾರಿಗಳ ನಡುವೆ ಒಂದು ದಿನ ಮುರಿಯಬಹುದು. ಚಿಮಟಾದ ಹೆಗಲಿನ ಕೆಳಗೆ ಬಣ್ಣ ಸುಕ್ಕುಗಟ್ಟಿದ್ದರೆ ಅಥವಾ ಎದ್ದಿದ್ದರೆ ಅದು ಮಡಚಿದೆ ಎಂದೇ ಅರ್ಥ. ಹೊಸದನ್ನು ತರಲು ಹೋಗುವಾಗ ಕೊಳವೆಯ ಉದ್ದ, ಗಾಲಿಯ ಅಳತೆ ಕೇಳಿದರೆ ಸಾಲದು. ಅದೇ ಮಾದರಿಯ ಕೆಡದ ಸೈಕಲ್ಲಿನ ಚಿಮಟಾದ ಪಕ್ಕ ಹಿಡಿದು, ಬಾಗು ಅಷ್ಟೇ ಇದೆಯೇ ಎಂದು ನೋಡಿ ಕೊಳ್ಳಬೇಕು.