ಭ್ರೂಣದ ಮೂತ್ರಪಿಂಡ: ವಂಶವಾಹಿ, ನೆರೆಯ ಕೋಶ, ತಾಯಿಯ ಊಟ

ತೇರದಾಳದಲ್ಲಿ ನೆರೆದಿರುವ ಈ ವಿಜ್ಞಾನ ಸಮ್ಮೇಳನದ ಅಧ್ಯಕ್ಷ ಭಾಷಣಕ್ಕೆ ಭ್ರೂಣದ ಮೂತ್ರಪಿಂಡವನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ರಕ್ತವನ್ನು ಸೋಸುವ ನೆಫ್ರಾನ್ ಎಂಬ ಸೂಕ್ಷ್ಮ ಘಟಕಗಳ ಸಂಖ್ಯೆ ಬಸಿರಿನ ಸುಮಾರು 36ನೆಯ ವಾರಕ್ಕೆ ಮುಗಿದ ಲೆಕ್ಕವಾಗುತ್ತದೆ. ಆಮೇಲೆ ಬದುಕಿನುದ್ದಕ್ಕೂ ಹೊಸ ನೆಫ್ರಾನ್ ಹುಟ್ಟುವುದಿಲ್ಲ. ಒಂದು ಮೂತ್ರಪಿಂಡದಲ್ಲಿ ಸರಾಸರಿ ಹತ್ತು ಲಕ್ಷದಷ್ಟು ನೆಫ್ರಾನ್‌ಗಳಿರುತ್ತವೆಂದು ಪಠ್ಯಪುಸ್ತಕಗಳು ಹೇಳುತ್ತವೆಯಾದರೂ, ಒಬ್ಬರಲ್ಲಿ ಅವು ಮೂರು ಲಕ್ಷಕ್ಕೂ ಕಡಿಮೆಯಿದ್ದು ಇನ್ನೊಬ್ಬರಲ್ಲಿ 20 ಲಕ್ಷವನ್ನು ಮೀರುವುದುಂಟು. ಕಡಿಮೆ ನೆಫ್ರಾನ್‌ಗಳೊಂದಿಗೆ ಹುಟ್ಟಿದವರಿಗೆ ಮುಂದೆ ರಕ್ತದೊತ್ತಡ ಏರುವ ಸಂಭವ ಹೆಚ್ಚೆಂದು ಬಾಸ್ಟನ್ನಿನ ವೈದ್ಯ ಬ್ಯಾರಿ ಬ್ರೆನ್ನರ್ ಮತ್ತು ಸಂಗಡಿಗರು 1988ರಲ್ಲಿಯೇ ಮಂಡಿಸಿದ್ದರು.

ಮನುಷ್ಯ ಭ್ರೂಣದಲ್ಲಿ ಮೂತ್ರಪಿಂಡ ಮೂರು ಸಲ ರೂಪುಗೊಳ್ಳುತ್ತದೆ. ಮೊದಲೆರಡು ಬಹುಮಟ್ಟಿಗೆ ಕರಗಿಹೋಗುತ್ತವೆ. ಐದನೆಯ ವಾರದಲ್ಲಿ ಆರಂಭವಾಗುವ ಮೂರನೆಯದೇ ಉಳಿಯುತ್ತದೆ. ವುಲ್ಫಿಯನ್ ನಾಳದಿಂದ ಮೊಗ್ಗೊಂದು ಚಿಗುರಿ, ಮೀಸೆಂಕೈಮ್ ಎಂದು ಕರೆಯಲಾಗುವ ಸಡಿಲ ಅಂಗಾಂಶದೊಳಗೆ ನುಗ್ಗಿ, ಕವಲೊಡೆಯುತ್ತ ಹೋಗುತ್ತದೆ. ಈ ಎರಡನ್ನೂ ಬೇರ್ಪಡಿಸಿ ಬೆಳೆಸಿದರೆ ಮೊಗ್ಗು ಕವಲೊಡೆಯುವುದಿಲ್ಲ, ಮೀಸೆಂಕೈಮಿನಲ್ಲಿ ನಳಿಕೆ ಮೂಡುವುದಿಲ್ಲ ಎಂಬುದನ್ನು ಕ್ಲಿಫರ್ಡ್ ಗ್ರೋಬ್‌ಸ್ಟೀನ್ 1950ರ ದಶಕದಲ್ಲಿ ಇಲಿಯ ಭ್ರೂಣಗಳ ಅಂಗಾಂಶಗಳಿಂದ ತೋರಿಸಿದರು.

ದೇಹದ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲಿಯೂ ವಂಶವಾಹಿಗಳು ಅವೇ ಆಗಿದ್ದು, ಯಾವ ಕೋಶದಲ್ಲಿ ಯಾವುದು ಯಾವಾಗ ಕೆಲಸಕ್ಕೆ ಇಳಿಯುತ್ತದೆ ಎಂಬುದನ್ನೇ ಜೀನ್ ಅಭಿವ್ಯಕ್ತಿ ಎನ್ನುತ್ತಾರೆ. ಬನಹಟ್ಟಿಯ ಮಗ್ಗದಲ್ಲಿ ಹಾಸು ಒಂದೇ ಇದ್ದರೂ ಮೇಲೇಳುವ ಎಳೆಗಳು ಬದಲಾದಂತೆ ಸೀರೆಯ ಅಂಚು ಬದಲಾಗುತ್ತದೆಂಬ ಹೋಲಿಕೆ ಇಲ್ಲಿ ಸಹಜವಾಗಿ ನೆನಪಾಗುವಂಥದು. ಆದರೆ ಅದು ಅರ್ಧ ದೂರವಷ್ಟೇ ಬರುತ್ತದೆ, ಏಕೆಂದರೆ ಭ್ರೂಣದಲ್ಲಿ ನೇಕಾರನಿಲ್ಲ, ಪ್ರತಿ ಕೋಶಕ್ಕೂ ಅದರ ನೆರೆಯ ಕೋಶವೇ ಸೂಚನೆ ಕೊಡಬೇಕು. ಮೀಸೆಂಕೈಮ್ ಸ್ರವಿಸುವ ಜಿಡಿಎನ್‌ಎಫ್ ಎಂಬ ಪ್ರೋಟೀನನ್ನು ಮೊಗ್ಗಿನ ತುದಿಯಲ್ಲಿರುವ ರೆಟ್ ಎಂಬ ಗ್ರಾಹಕ ಹಿಡಿದಾಗಲೇ ಕವಲು ಒಡೆಯುತ್ತದೆ. ಜಿಡಿಎನ್‌ಎಫ್ ಇಲ್ಲದ ಇಲಿಮರಿಗಳು ಮೂತ್ರಪಿಂಡವಿಲ್ಲದೆ ಹುಟ್ಟಿದುದನ್ನು 1996ರಲ್ಲಿ ಮೂರು ಪ್ರಯೋಗಾಲಯಗಳು ವರದಿ ಮಾಡಿದವು. ಇತ್ತ ಮೊಗ್ಗು ಕಳಿಸುವ ವಿಂಟ್-9ಬಿ ಎಂಬ ಸೂಚನೆಯಿಂದ ಮೀಸೆಂಕೈಮಿನ ಕೆಲವು ಕೋಶಗಳು ವಿಂಟ್-4 ವಂಶವಾಹಿಯನ್ನು ಚುರುಕುಗೊಳಿಸಿಕೊಂಡು, ಒತ್ತಾಗಿ ಕೂಡಿ, ನೆಫ್ರಾನಿನ ನಳಿಕೆಯಾಗಿ ಮಾರ್ಪಡುತ್ತವೆ. ಈ ಮಾರ್ಪಾಡೇ ಕೋಶ ವಿಭೇದನ. ಸಿಕ್ಸ್-2 ಎಂಬ ವಂಶವಾಹಿ ಸಕ್ರಿಯವಾಗಿರುವ ಕೋಶಗಳು ಮಾತ್ರ ಮೂಲರೂಪದಲ್ಲಿಯೇ ಉಳಿದು ಮುಂದಿನ ಕವಲುಗಳಿಗೆ ಒದಗುತ್ತವೆ. ಅವು ಬೇಗ ತೀರಿದರೆ ನೆಫ್ರಾನ್‌ಗಳೂ ಕಡಿಮೆ. ವಿಭೇದನ ಅರ್ಧಕ್ಕೆ ನಿಂತು ಮೂಲಕೋಶಗಳು ಹೆಚ್ಚುತ್ತಲೇ ಹೋದರೆ ಮಕ್ಕಳ ವಿಲ್ಮ್ಸ್ ಗಡ್ಡೆ ಹುಟ್ಟುತ್ತದೆ, ಅದರ ಒಂದಂಶಕ್ಕೆ ಡಬ್ಲ್ಯುಟಿ-1 ವಂಶವಾಹಿಯ ದೋಷ ಕಾರಣ.

ಇಷ್ಟನ್ನೂ ವಂಶಪಾರಂಪರ್ಯದ ಖಾತೆಗೆ ಬರೆದು ಕೈತೊಳೆದುಕೊಳ್ಳುವುದು ಸರಿಯಲ್ಲವೆಂಬುದು ಈ ಅಧ್ಯಕ್ಷಪೀಠದ ಅಭಿಪ್ರಾಯ. ರೆಟ್ ವಂಶವಾಹಿಯ ಅಭಿವ್ಯಕ್ತಿ ಉಳಿಯಬೇಕಾದರೆ ಎ ಜೀವಸತ್ವದಿಂದ ತಯಾರಾಗುವ ರೆಟಿನೋಯಿಕ್ ಆಮ್ಲ ಬೇಕು. ಆ ಜೀವಸತ್ವ ತಾಯಿಗೆ ತುಸು ಕೊರತೆಯಾದರೂ ಇಲಿಮರಿಗಳಲ್ಲಿ ನೆಫ್ರಾನ್ ಕುಗ್ಗುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಮತ್ತು ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು ಎರಡೂ ನಗರಗಳ ನವಜಾತ ಶಿಶುಗಳ ಮೂತ್ರಪಿಂಡವನ್ನು ಅಲ್ಟ್ರಾಸೌಂಡ್‌ನಿಂದ ಅಳೆದು 2007ರಲ್ಲಿ ಪ್ರಕಟಿಸಿದ ಪ್ರಾಥಮಿಕ ಅಧ್ಯಯನದಲ್ಲಿ, ಎ ಜೀವಸತ್ವದ ಕೊರತೆ ಬೆಂಗಳೂರಿನ ಬಸುರಿಯರಲ್ಲಿ ಹೆಚ್ಚಾಗಿದ್ದು ಶಿಶುಗಳ ಮೂತ್ರಪಿಂಡವೂ ಚಿಕ್ಕದಿದ್ದುದು ಕಂಡುಬಂದಿತು. ಬದುಕಿರುವ ಶಿಶುವಿನ ನೆಫ್ರಾನ್‌ಗಳನ್ನು ಎಣಿಸಲಾಗದ್ದರಿಂದ ಗಾತ್ರವೇ ಅಲ್ಲಿನ ಅಳತೆಗೋಲು, ಮತ್ತು ಅಧ್ಯಯನ ಸಣ್ಣದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಹೆರಿಗೆ ಆಸ್ಪತ್ರೆಗಳಲ್ಲಿಯೂ ಇಂಥ ಅಳತೆಗೆ ಬೇಕಾದುದು ಒಂದು ಸ್ಕ್ಯಾನ್ ಯಂತ್ರ ಮತ್ತು ಹೊಕ್ಕುಳಬಳ್ಳಿಯ ತುಸು ರಕ್ತ. ಎ ಜೀವಸತ್ವದ ಮಾತ್ರೆ ಅತಿಯಾದರೆ ಭ್ರೂಣಕ್ಕೇ ಅಪಾಯವಾದ್ದರಿಂದ ಅದನ್ನು ಕಂಡಕಂಡವರಿಗೆ ಹಂಚುವಂತಿಲ್ಲ. ಗಜ್ಜರಿ, ಪಪ್ಪಾಯಿ, ರಾಜಗಿರಿ ಪಲ್ಯಗಳಲ್ಲಿರುವ ಕ್ಯಾರೊಟೀನನ್ನು ದೇಹ ತನಗೆ ಬೇಕಾದಷ್ಟನ್ನೇ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವುದರಿಂದ ಅಲ್ಲಿ ಆ ಭಯವಿಲ್ಲ. 2017ರಿಂದ ಅಂಗನವಾಡಿಗಳಲ್ಲಿ ಬಸುರಿಯರಿಗೆ ಬಿಸಿಯೂಟ ನೀಡುತ್ತಿರುವ ಮಾತೃಪೂರ್ಣ ಯೋಜನೆಯ ತಟ್ಟೆಯಲ್ಲಿ ಇವು ಎಷ್ಟು ಬೀಳುತ್ತವೆ ಎಂಬುದನ್ನು ಈ ಸಮ್ಮೇಳನದ ಜೀವವಿಜ್ಞಾನ ಅಧ್ಯಾಪಕರು ವಿದ್ಯಾರ್ಥಿಗಳ ನೆರವಿನಿಂದ ಇದೇ ವರ್ಷ ಲೆಕ್ಕ ಹಾಕಬಹುದು.