ಸಹಿ ಹಾಕೋ ಮೊದಲು ಓದ್ರಿ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮ ಅಕ್ಕಲಕೋಟ ಸೀಮೆಯಾಗ ಬರೆಯೋ ಹುಡುಗರಿಗೆ ಕೊರತೆ ಇಲ್ಲ. ವಹಿ ತುಂಬ ಕವಿತೆ ಅದಾವ, ಕಥೆ ಅದಾವ. “ಪುಸ್ತಕ ಮಾಡಬೇಕ್ರಿ, ರೊಕ್ಕ ಎಲ್ಲಿಂದ ತರೋದು?” ಅಂತ ಕೇಳ್ತಾರ. ಇವತ್ತು ಅದನ್ನಷ್ಟೇ ಮಾತಾಡ್ತೀನಿ.

1920ರ ಜನವರಿ 31ರಂದು ಬಾಬಾಸಾಹೇಬರು ‘ಮೂಕನಾಯಕ’ ಪತ್ರಿಕೆ ಶುರು ಮಾಡಿದರು. ಅದಕ್ಕೆ ಕೊಲ್ಹಾಪುರದ ಶಾಹೂ ಮಹಾರಾಜರು 2,500 ರೂಪಾಯಿ ಕೊಟ್ಟರು. ರೊಕ್ಕ ಕೊಡ್ತೀವಿ ಅಂದರೂ ‘ಕೇಸರಿ’ ಅದರ ಜಾಹೀರಾತು ಹಾಕಲಿಲ್ಲ. ನೆರವು ತಗೊಳ್ಳೋದು ನಾಚಿಕೆಯ ಮಾತಲ್ಲ. ಆದರೆ ನೆರವು ತಗೊಂಡರೂ ಪತ್ರಿಕೆಯ ಮಾತು ಬಾಬಾಸಾಹೇಬರದೇ ಆಗಿತ್ತು. ಇದನ್ನ ನೆನಪಿಡ್ರಿ.

ಮೊದಲು ಬಿಡಿ ಬರಹ ಕಳಿಸ್ರಿ. ‘ಮಯೂರ’, ‘ತುಷಾರ’ ಅದಾವ; ‘ಪ್ರಜಾವಾಣಿ’ಯ ದೀಪಾವಳಿ ಕಥಾಸ್ಪರ್ಧೆ ಅದ. ಒಂದೇ ಕಥೆ ಏಕಕಾಲಕ್ಕ ಎರಡು ಕಡೆ ಕಳಿಸಬ್ಯಾಡ್ರಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ತಿರುಗಿ ಬಂದರೆ ತಿದ್ದಿ ಮತ್ತೊಂದು ಕಡೆ ಕಳಿಸ್ರಿ.

ಎರಡನೆಯದು, ಸರ್ಕಾರದ ನೆರವು. ಬೆಂಗಳೂರಿನ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡ್ತದ. ಹಸ್ತಪ್ರತಿ ಕರೆದಾಗ ಪ್ರಕಟಣೆಯನ್ನ ಪೂರ್ತಿ ಓದ್ರಿ. ಪರಿಶಿಷ್ಟ ಜಾತಿಗಳ ಪಟ್ಟಿ ರಾಜ್ಯಕ್ಕೊಂದು. ನಮ್ಮ ಸರ್ಟಿಫಿಕೇಟು ಮಹಾರಾಷ್ಟ್ರದ್ದು. ಗಡಿಯಾಚೆಯವರು ಅರ್ಜಿ ಹಾಕಬಹುದಾ, ಯಾವ ದಾಖಲೆ ಬೇಕು ಅಂತ ಮೊದಲೇ ಪತ್ರ ಬರೆದು ಕೇಳ್ರಿ, ಉತ್ತರ ಬರಹದಲ್ಲೇ ತರಿಸಿಕೊಳ್ರಿ. ಕೇಂದ್ರ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ 35 ವರ್ಷದೊಳಗಿನವರಿಗೆ, ಮೊತ್ತ 50,000 ರೂಪಾಯಿ. ಅದು ಅಚ್ಚಾದ ಪುಸ್ತಕಕ್ಕೆ ಸಿಗೋದು, ಹಸ್ತಪ್ರತಿಗೆ ಅಲ್ಲ.

ಮೂರನೆಯದು ಬಹಳ ಮುಖ್ಯ. “ಇಷ್ಟು ಸಾವಿರ ಕೊಡ್ರಿ, ನಾವು ಪುಸ್ತಕ ಮಾಡಿಕೊಡ್ತೀವಿ” ಅನ್ನೋರು ಸಿಗ್ತಾರ. ಅವ್ವ ಕೂಲಿ ಮಾಡಿ ಉಳಿಸಿದ ರೊಕ್ಕ ತೆಗೆಯೋ ಮೊದಲು ನಾಲ್ಕು ಮಾತು ಕೇಳ್ರಿ: ಎಷ್ಟು ಪ್ರತಿ ಅಚ್ಚು ಮಾಡ್ತೀರಿ? ನನಗೆಷ್ಟು ಕೊಡ್ತೀರಿ? ಮಾರೋರು ಯಾರು? ಲೆಕ್ಕ ಯಾವಾಗ ತೋರಿಸ್ತೀರಿ? ಖರ್ಚೆಲ್ಲ ನಿಮ್ಮದು, ಮಾರೋದೂ ನೀವೇ ಅಂದರೆ ಅವರು ಬರೇ ಅಚ್ಚು ಹಾಕೋರು, ಪ್ರಕಾಶಕರಲ್ಲ. ಹಂಗಿದ್ದರೆ ಅಚ್ಚಿನ ದರವಷ್ಟೇ ಕೊಡ್ರಿ. ಐಎಸ್‌ಬಿಎನ್ ನಂಬರಿಗೆ ಬೇರೆ ರೊಕ್ಕ ಕೇಳಿದರೆ, ನಮ್ಮ ದೇಶದಲ್ಲಿ ಸರ್ಕಾರ ಅದನ್ನ ಪುಕ್ಕಟೆ ಕೊಡ್ತದ ಅಂತ ಹೇಳ್ರಿ.

ಬರೆದ ಕ್ಷಣವೇ ಹಕ್ಕುಸ್ವಾಮ್ಯ ನಿಮ್ಮದು. ನೋಂದಣಿ ಮಾಡಿಸಲೇಬೇಕು ಅಂತಿಲ್ಲ. 1957ರ ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ಬಿಟ್ಟುಕೊಡೋದು ಬರಹದಲ್ಲಿ, ಸಹಿ ಸಮೇತ ಆಗಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ. “ಎಲ್ಲ ಹಕ್ಕು ಶಾಶ್ವತವಾಗಿ ಪ್ರಕಾಶಕರಿಗೆ” ಅನ್ನೋ ಸಾಲು ಕಂಡರೆ ಹೊಡೆದು ಹಾಕಿಸ್ರಿ. ಒಪ್ಪದಿದ್ದರೆ ಹಸ್ತಪ್ರತಿ ವಾಪಸ್ ತಗೊಂಡು ಬರ್ರಿ. ನಮ್ಮ ಅಜ್ಜ-ಮುತ್ತಜ್ಜರು ಓದಲಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳಕೊಂಡರು. ನಮಗೆ ಓದಾಕ ಬರ್ತದ.

ಇದೇ ತಾಲ್ಲೂಕಿನ ಹನ್ನೂರಿನ ಶರಣಕುಮಾರ ಲಿಂಬಾಳೆಯವರು ತಮ್ಮ ಬದುಕನ್ನೇ ‘ಅಕ್ಕರಮಾಶಿ’ ಅಂತ ಮರಾಠಿಯಲ್ಲಿ ಬರೆದರು, 1984ರಲ್ಲಿ. ನಮ್ಮ ಕೇರಿಯ ಬದುಕು ಕನ್ನಡದಲ್ಲೂ ಬರಬೇಕು.

ಸಂಘಕ್ಕೆ ಒಂದು ಮಾತು. ತಿಂಗಳಿಗೊಂದು ರವಿವಾರ ಎಲ್ಲರೂ ಕೂಡ್ರಿ. ಒಬ್ಬರ ಬರಹ ಇನ್ನೊಬ್ಬರು ಓದ್ರಿ, ಅರ್ಜಿ ಕೂಡಿ ತುಂಬ್ರಿ, ಕರಾರುಪತ್ರ ನಾಲ್ಕು ಮಂದಿ ನೋಡ್ರಿ. ಟ್ರಂಕಿನ ತಳದಾಗ ವಹಿ ಮುಚ್ಚಿಟ್ಟ ತಂಗಿಯರನ್ನ ಮೊದಲು ಕರೀರಿ.

ಜೈ ಭೀಮ್.